ಕೋಪದ ಬೇರನ್ನು ಕಂಡ ಶಿವಯೋಗಿ ಸಿದ್ಧರಾಮರು

ಮುಂಗಾರು ಹಿಡಿದು ರಾಗಿ ಪೈರು ಗೇಣುದ್ದ ಎದ್ದಾಗ ಹೊಲದಲ್ಲಿ ಕಳೆ ತೆಗೆಯುವುದು ಸೋಲೂರು, ಕುದೂರು, ಮಾಗಡಿ ಸೀಮೆಯ ಒಕ್ಕಲುಮಕ್ಕಳಿಗೆ ಹೊಸದಲ್ಲ. ಅವರಲ್ಲಿ ಅನುಭವಸ್ಥರಾದ ಹಿರಿಯರು ಗರಿಕೆಯನ್ನು ಕಂಡರೆ ಕುಡುಗೋಲಿಗೆ ಕೈ ಹಾಕುವುದಿಲ್ಲ. ಮೇಲೆ ಕೊಯ್ದ ಗರಿಕೆ ಒಂದು ಹದಮಳೆ ಬಿದ್ದರೆ ಸಾಕು, ಮತ್ತೆ ಹಾಸಿಕೊಳ್ಳುತ್ತದೆ ಎಂಬುದು ಅವರಿಗೆ ಗೊತ್ತು. ಗುದ್ದಲಿ ಹಿಡಿದು ಮಣ್ಣು ಬಗೆದು, ಗೆಣ್ಣು ಗೆಣ್ಣಾಗಿ ಹರಿದುಹೋದ ಬೇರನ್ನು ಎಳೆದು ಬದುವಿನ ಮೇಲೆ ಬಿಸಿಲಿಗೆ ಹಾಕಿದರೆ ಮಾತ್ರ ಹೊಲ ಹಸನಾಗುತ್ತದೆ.

ಹೊಲದ ವಿಷಯದಲ್ಲಿ ಇಷ್ಟೆಲ್ಲ ಬಲ್ಲ ನಾವು ಮನಸ್ಸಿನ ವಿಷಯದಲ್ಲಿ ಮಾತ್ರ ಕುಡುಗೋಲನ್ನೇ ಹಿಡಿಯುತ್ತೇವೆ. ಕೋಪ ಬಂದಾಗ ಹಲ್ಲು ಕಚ್ಚಿ ತಡೆಯುತ್ತೇವೆ, ಇಲ್ಲವೇ ಬಾಯಿಗೆ ಬಂದದ್ದನ್ನು ಆಡಿ ಆಮೇಲೆ ಪಶ್ಚಾತ್ತಾಪ ಪಡುತ್ತೇವೆ. ಎರಡೂ ಮೇಲುಮೇಲಿನ ಕೊಯ್ಲೇ. ನಿಮಗೆ ಕೋಪ ತರಿಸಿದವರು ಯಾರು ಎಂದು ಕೇಳಿದರೆ ತಡಮಾಡದೆ ಹೆಸರು ಹೇಳುತ್ತೇವೆ. ತಮ್ಮ, ಸೊಸೆ, ದಾಯಾದಿ, ಪಕ್ಕದ ಹೊಲದವನು. ಆದರೆ ಆ ಕೋಪ ನಿಮ್ಮೊಳಗೆ ಎಲ್ಲಿಂದ ಎದ್ದಿತು ಎಂದು ಕೇಳಿದರೆ ಉತ್ತರ ತಿಳಿಯದು. ಯಾರಿಂದ ಎಂಬುದು ಒಂದು ಪ್ರಶ್ನೆ, ಎಲ್ಲಿಂದ ಎಂಬುದು ಇನ್ನೊಂದು ಪ್ರಶ್ನೆ. ಇವೆರಡರ ನಡುವಿನ ಅಂತರವನ್ನು ತಮ್ಮ ಬಾಳಿನಲ್ಲೇ ಕಂಡು, ಕಂಡದ್ದನ್ನು ಮರೆಮಾಚದೆ ಒಪ್ಪಿಕೊಂಡ ಮಹಾಪುರುಷರು ಸೊನ್ನಲಿಗೆಯ ಶಿವಯೋಗಿ ಸಿದ್ಧರಾಮೇಶ್ವರರು.

ಸೊನ್ನಲಿಗೆ ಎಂದರೆ ಇಂದಿನ ಸೊಲ್ಲಾಪುರ. ಮಹಾರಾಷ್ಟ್ರಕ್ಕೆ ಸೇರಿದರೂ ಕನ್ನಡದ ನಂಟನ್ನು ಬಿಡದ ಗಡಿನಾಡು. ಸೋಲೂರಿನಿಂದ ಐನೂರು ಕಿಲೋಮೀಟರಿಗೂ ಹೆಚ್ಚು ದೂರ. ಅಷ್ಟು ದೂರದ ಕಥೆ ನಮಗೇಕೆ ಎನ್ನಬೇಡಿ. ಸೋಲೂರಿನ ಮುಂದೆ ಹಾದುಹೋಗುವ ಹೆದ್ದಾರಿಯಲ್ಲೇ ಕುಣಿಗಲ್ ದಾಟಿದರೆ ಎಡೆಯೂರು ಸಿಗುತ್ತದೆ. ಅಲ್ಲಿ ತೋಂಟದ ಸಿದ್ಧಲಿಂಗೇಶ್ವರರ ಗದ್ದುಗೆಯಿದೆ. ಆ ಸಿದ್ಧಲಿಂಗ ಯತಿಗಳ ಶಿಷ್ಯಪರಂಪರೆಗೆ ಸೇರಿದವರು ತುಮಕೂರಿನ ಪಕ್ಕದ ಗೂಳೂರಿನ ಸಿದ್ಧವೀರಣ್ಣೊಡೆಯರು. ಶರಣರ ಸಂವಾದಗಳನ್ನು ಹೆಣೆದ ಶೂನ್ಯಸಂಪಾದನೆ ಎಂಬ ಮಹಾಗ್ರಂಥವನ್ನು ನಾಲ್ವರು ಒಬ್ಬರಾದ ಮೇಲೆ ಒಬ್ಬರಂತೆ ಸಂಕಲಿಸಿದರು. ಅವರಲ್ಲಿ ಒಬ್ಬರು ಈ ಗೂಳೂರಿನ ಒಡೆಯರು. ಸಿದ್ಧರಾಮರ ಕೋಪದ ಪ್ರಸಂಗವನ್ನು ವಿಸ್ತಾರವಾಗಿ ಹೇಳುವ ಗ್ರಂಥ ಅದೇ. ಆದ್ದರಿಂದ ಈ ಕಥೆ ನಮ್ಮ ನೆಲದಲ್ಲೇ ಕಾಪಾಡಲ್ಪಟ್ಟ ಕಥೆ, ನಮ್ಮ ಹಿರಿಯರು ನಮಗಾಗಿ ಎತ್ತಿಟ್ಟ ಬುತ್ತಿ.

ಕಣ್ಣೀರಿನ ಬಾಲಕ

ಹನ್ನೆರಡನೆಯ ಶತಮಾನದ ಮಾತು. ಸೊನ್ನಲಿಗೆಯ ಗೌಡರಾದ ಮುದ್ದುಗೌಡರಿಗೂ ಅವರ ಧರ್ಮಪತ್ನಿ ಸುಗ್ಗವ್ವೆಗೂ ಒಂದು ಗಂಡು ಮಗುವಾಯಿತು. ಆ ಮಗು ಲೋಕೋದ್ಧಾರಕನಾಗುವನೆಂದು ರೇವಣಸಿದ್ಧರು ಮೊದಲೇ ಹರಸಿದ್ದರೆಂದು ಪುರಾಣ ಹೇಳುತ್ತದೆ. ಹದಿಮೂರನೆಯ ಶತಮಾನದಲ್ಲಿ ರಾಘವಾಂಕ ಕವಿ ಸಿದ್ಧರಾಮರ ಚರಿತ್ರೆಯನ್ನು ಕಾವ್ಯವಾಗಿ ಬರೆದಿದ್ದಾನೆ. ಮನೆಯವರು ಮಗುವಿಗೆ ಧೂಳಿಮಾಕಾಳನೆಂದು ಹೆಸರಿಟ್ಟರು. ಹುಡುಗ ಬಲು ಮೌನಿ. ಇತರ ಮಕ್ಕಳಂತೆ ಆಟವಿಲ್ಲ, ಮಾತಿಲ್ಲ, ಹಟವಿಲ್ಲ. ಊರವರು ಮಂದಬುದ್ಧಿಯವನೆಂದು ತಿಳಿದರು. ದನ ಕಾಯುವ ಕೆಲಸಕ್ಕೆ ಹಚ್ಚಿದರು. ಯಾರು ಏನೆಂದರೂ ಆ ಹುಡುಗನಿಗೆ ಕೋಪ ಬರಲಿಲ್ಲ. ಈ ಮಾತನ್ನು ನೆನಪಿನಲ್ಲಿಡಿ. ಮಂಕನೆಂದು ಕರೆಸಿಕೊಂಡು ಸುಮ್ಮನಿದ್ದ ಹುಡುಗನೇ ಮುಂದೆ ಒಂದು ಮಾತಿಗೆ ಬೆಂಕಿಯಾಗುತ್ತಾನೆ.

ಒಂದು ದಿನ ಹೊಲದಲ್ಲಿದ್ದಾಗ ಜಂಗಮನೊಬ್ಬ ಬಂದು ನಿಂತ. ತಾನು ಶ್ರೀಶೈಲದ ಮಲ್ಲಯ್ಯನೆಂದು ಹೇಳಿಕೊಂಡು, ಹಸಿವಾಗಿದೆ ಎಂದು ನವಣೆಯ ತೆನೆ ಬೇಡಿದ. ಹುಡುಗ ಪ್ರೀತಿಯಿಂದ ತೆನೆ ಸುಟ್ಟುಕೊಟ್ಟ. ತಿಂದ ಮೇಲೆ ಜಂಗಮನು ಹೊಟ್ಟೆ ಉರಿಯುತ್ತಿದೆ, ಮಜ್ಜಿಗೆ ಕಲಸಿದ ಅನ್ನ ಬೇಕು ಎಂದ. ಹುಡುಗ ಓಡಿದ. ಎಂದೂ ಬಾಯಿಬಿಡದ ಮಗ ಏದುಸಿರು ಬಿಡುತ್ತ ಮಲ್ಲಯ್ಯನಿಗೆ ಅನ್ನ ಕೊಡವ್ವಾ ಎಂದು ಕೇಳಿದಾಗ ತಾಯಿಗೆ ಆದ ಆನಂದವನ್ನು ಏನೆಂದು ಹೇಳೋಣ! ಆದರೆ ಬುತ್ತಿ ಹಿಡಿದು ಹಿಂದಿರುಗುವಷ್ಟರಲ್ಲಿ ಜಂಗಮನಿಲ್ಲ. ಹುಡುಗ ಕೂಗಿದ, ಹೊಲದಿಂದ ಹೊಲಕ್ಕೆ ಅಲೆದ, ಅತ್ತ. ದಾರಿಯಲ್ಲಿ ಶ್ರೀಶೈಲಕ್ಕೆ ಹೊರಟ ಯಾತ್ರಿಕರು ಸಿಕ್ಕರು. ಮಲ್ಲಯ್ಯನನ್ನು ತೋರಿಸುತ್ತೇವೆ ಬಾ ಎಂದರು. ಹುಡುಗ ಅವರ ಬೆನ್ನು ಹತ್ತಿದ.

ಬೆಟ್ಟ ಹತ್ತಿ ಗುಡಿ ಹೊಕ್ಕಾಗ ಅಲ್ಲಿದ್ದುದು ಕಲ್ಲಿನ ಲಿಂಗ. ಯಾತ್ರಿಕರು ಇವನೇ ಮಲ್ಲಯ್ಯನೆಂದು ಕೈಮುಗಿದರು. ಹುಡುಗ ನಂಬಲಿಲ್ಲ. ತನ್ನ ಕೈಯಿಂದ ತೆನೆ ತಿಂದ ಮಲ್ಲಯ್ಯ ಮಾತಾಡುತ್ತಿದ್ದ, ನಗುತ್ತಿದ್ದ, ಹಸಿವೆ ಎನ್ನುತ್ತಿದ್ದ. ಅವನು ಬೇಕು. ಗುಡ್ಡದಲ್ಲಿ, ಕಾಡಿನಲ್ಲಿ ಮಲ್ಲಯ್ಯಾ ಎಂದು ಕೂಗುತ್ತ ಅಲೆದು ಕೊನೆಗೆ ಆಳವಾದ ಕೊಳ್ಳವೊಂದರ ಅಂಚಿಗೆ ಬಂದು ಬೀಳಲು ಮುಂದಾದ. ಆಗ ಮಲ್ಲಯ್ಯ ಪ್ರತ್ಯಕ್ಷನಾಗಿ ಕೈ ಹಿಡಿದನೆಂದೂ, ಸೊನ್ನಲಿಗೆಗೆ ಹಿಂದಿರುಗಿ ಅದನ್ನೇ ಇನ್ನೊಂದು ಶ್ರೀಶೈಲವನ್ನಾಗಿ ಮಾಡೆಂದು ಅಪ್ಪಣೆ ಕೊಟ್ಟನೆಂದೂ ಭಕ್ತರು ನಂಬಿ ಬಂದಿದ್ದಾರೆ.

ಈ ದುಃಖದ ಬೇರು ಯಾವುದು? ಶುದ್ಧ ಪ್ರೇಮ. ಅದರಲ್ಲಿ ತನ್ನ ಹೆಸರಿನ ಚಿಂತೆಯಿಲ್ಲ, ತನ್ನ ಮನೆತನದ ಚಿಂತೆಯಿಲ್ಲ. ತಾನು ಎಂಬುದೇ ಅಲ್ಲಿರಲಿಲ್ಲ. ಎಲ್ಲ ಕಣ್ಣೀರೂ ಒಂದೇ ಅಲ್ಲ ಎಂಬುದಕ್ಕೆ ಇದು ಸಾಕ್ಷಿ. ಮಗ ಪರೀಕ್ಷೆಯಲ್ಲಿ ಸೋತಾಗ ತಂದೆ ಅಳುತ್ತಾನೆ. ಮಗನ ನೋವಿಗೆ ಅತ್ತನೋ, ನೆರೆಯವರೆದುರು ತಲೆತಗ್ಗಿತೆಂದು ಅತ್ತನೋ, ಅದು ಅವನಿಗೇ ತಿಳಿದಿರಬೇಕು. ಹೊರಗಿನಿಂದ ನೋಡಿದವರಿಗೆ ಎರಡೂ ಕಣ್ಣೀರೇ.

ಕೆರೆ ಕಟ್ಟಿದ ಕೈಗಳು

ಹಿಂದಿರುಗಿದ ಬಾಲಕ ಸಿದ್ಧರಾಮನಾದ. ಗುರುವಿನ ಅಪ್ಪಣೆಯನ್ನು ಅಕ್ಷರಶಃ ನಡೆಸಿದ. ಊರಿನ ಸುತ್ತ ಅರವತ್ತೆಂಟು ಲಿಂಗಗಳನ್ನು ಸ್ಥಾಪಿಸಿದರೆಂದು ಪ್ರತೀತಿ. ಗುಡಿ ಕಟ್ಟಿಸಿದರು, ಬಾವಿ ತೋಡಿಸಿದರು, ಹಸಿದವರಿಗೆ ಅನ್ನ ಇಕ್ಕಿಸಿದರು, ಬಡವರ ಮಕ್ಕಳ ಮದುವೆಗಳನ್ನು ಸಾಮೂಹಿಕವಾಗಿ ನಡೆಸಿದರು. ಎಲ್ಲಕ್ಕಿಂತ ಮಿಗಿಲಾಗಿ ದೊಡ್ಡ ಕೆರೆಯೊಂದನ್ನು ಕಟ್ಟಿಸಿದರು. ಮಳೆ ಕಡಿಮೆಯಾದ ಆ ಬಯಲುಸೀಮೆಯಲ್ಲಿ ಕೆರೆ ಎಂದರೆ ಜೀವ. ಇಂದಿಗೂ ಸೊಲ್ಲಾಪುರಕ್ಕೆ ಹೋದವರು ಕೋಟೆಯ ಪಕ್ಕದಲ್ಲಿ ಆ ಕೆರೆಯನ್ನೂ, ನೀರಿನ ನಡುವೆ ನಿಂತ ಸಿದ್ಧೇಶ್ವರ ಗುಡಿಯನ್ನೂ ಕಾಣಬಹುದು.

ಸೊನ್ನಲಿಗೆಯ ಕೀರ್ತಿ ಹರಡಿತು. ಜನ ದೂರದೂರದಿಂದ ಬಂದು ಕೆಲಸಕ್ಕೆ ನಿಂತರು. ಮಣ್ಣು ಅಗೆಯುವವರು, ಕಲ್ಲು ಒಡೆಯುವವರು, ಬುಟ್ಟಿ ಹೊರುವವರು. ಎಲ್ಲರೂ ಸಿದ್ಧರಾಮರನ್ನು ದೇವರೆಂದೇ ಕಂಡರು. ಬಂದವರು ಅಡ್ಡಬಿದ್ದರು. ಕವಿಗಳು ಹೊಗಳಿದರು. ಸಿದ್ಧರಾಮರು ಬೇಡಿ ಪಡೆದದ್ದಲ್ಲ ಅದು. ಅವರು ಮಾಡುತ್ತಿದ್ದುದೆಲ್ಲ ಪರೋಪಕಾರವೇ. ತಮಗೆಂದು ಒಂದು ಗೇಣು ನೆಲ ಮಾಡಿಕೊಂಡವರಲ್ಲ.

ಆದರೆ ಕೆರೆ ಕಟ್ಟಿದ ಯಾರಿಗಾದರೂ ಗೊತ್ತಿರುವ ಸಂಗತಿ ಒಂದಿದೆ. ಒಳ್ಳೆಯ ನೀರು ಹರಿದುಬರುವಾಗಲೇ ಅದರ ಜೊತೆಯಲ್ಲಿ ಹೂಳೂ ಬರುತ್ತದೆ. ಒಂದು ದಿನದ ಹೂಳು ಕಣ್ಣಿಗೆ ಕಾಣದು. ನೀರು ತಿಳಿಯಾಗಿ ಕಾಣುವಾಗಲೂ ತಳದಲ್ಲಿ ಅದು ಕೂರುತ್ತಲೇ ಇರುತ್ತದೆ. ಬರಗಾಲದಲ್ಲಿ ನೀರು ಇಳಿದಾಗಲೇ ಎಷ್ಟು ತುಂಬಿದೆ ಎಂಬುದು ತಿಳಿಯುವುದು. ಸಿದ್ಧರಾಮರ ಅಂತರಂಗದಲ್ಲೂ ಹಾಗೆಯೇ ಆಯಿತು. ನನ್ನ ಕೆರೆ, ನನ್ನ ಗುಡಿ, ನನ್ನ ಸೊನ್ನಲಿಗೆ ಎಂಬ ಭಾವ ಸೇವೆಯ ಜೊತೆಯಲ್ಲೇ ಬಂದು ತಳದಲ್ಲಿ ಕುಳಿತಿತು.

ನಮ್ಮ ಹಿರಿಯರು ಮದಗಳನ್ನು ಎಂಟೆಂದು ಎಣಿಸಿದ್ದಾರೆ. ಕುಲ, ಛಲ, ಧನ, ಯೌವನ, ರೂಪ, ರಾಜ್ಯ, ವಿದ್ಯೆ, ತಪಸ್ಸು. ಧನದ ಮದ ಎಲ್ಲರಿಗೂ ಕಾಣುತ್ತದೆ. ಯೌವನದ ಮದ ವಯಸ್ಸಾದಂತೆ ತಾನೇ ಇಳಿಯುತ್ತದೆ. ತಪಸ್ಸಿನ ಮದ ಮಾತ್ರ ಭಕ್ತಿಯ ಉಡುಪು ಉಟ್ಟು ಕುಳಿತಿರುತ್ತದೆ. ಆದಕಾರಣ ಅದನ್ನು ಕಂಡುಹಿಡಿಯಲು ಬೇರೊಬ್ಬರು ಬರಬೇಕಾಗುತ್ತದೆ.

ಒಂದು ಮಾತು, ಒಂದು ಉರಿ

ಬಂದವರು ಅಲ್ಲಮಪ್ರಭುಗಳು. ಬನವಾಸಿ ನಾಡಿನ ಬಳ್ಳಿಗಾವಿಯವರು. ಊರೂರು ಸುತ್ತುತ್ತ, ಕಂಡವರ ಅರಿವಿನ ದೀಪ ಹಚ್ಚುತ್ತ ಸೊನ್ನಲಿಗೆಗೆ ಬಂದರು. ಕೆರೆಯ ಕೆಲಸ ಭರದಿಂದ ನಡೆದಿತ್ತು. ಪ್ರಭುಗಳು ಕೆಲಸಗಾರರ ಬಳಿ ನಿಂತು ನಿಮ್ಮ ಒಡ್ಡರಾಮ ಎಲ್ಲಿದ್ದಾನೆ ಎಂದು ಕೇಳಿದರು. ಅಷ್ಟೇ ಮಾತು.

ಕೆಲಸಗಾರರು ಕೆರಳಿದರು. ತಮ್ಮ ಗುರುವನ್ನು ಹೀಗೆ ಕರೆದನಲ್ಲಾ ಎಂದು ಕಲ್ಲು ಬೀರಿದರು. ಕಲ್ಲು ಪ್ರಭುಗಳಿಗೆ ತಾಗಲಿಲ್ಲವೆಂದು ಕಥೆ. ಓಡಿಹೋಗಿ ಸಿದ್ಧರಾಮರಿಗೆ ದೂರು ಕೊಟ್ಟರು. ಸಿದ್ಧರಾಮರು ಕೋಪದಿಂದ ಎದ್ದು ಬಂದರು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಯೋಗಬಲದಿಂದ ಹಣೆಗಣ್ಣನ್ನೇ ತೆರೆದರು. ಉರಿ ಹೊರಬಿತ್ತು.

ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ಪ್ರಭುಗಳು ಆಡಿದ ಮಾತಿನಲ್ಲಿ ಸುಳ್ಳೇನಿತ್ತು? ಮಣ್ಣು ಅಗೆದು, ಕಲ್ಲು ಒಡೆದು ಕೆರೆ ಕಟ್ಟುವವರನ್ನು ಆ ಕಾಲದಲ್ಲಿ ಆ ಹೆಸರಿನಿಂದ ಕರೆಯುತ್ತಿದ್ದರು. ಸಿದ್ಧರಾಮರು ಮಾಡಿಸುತ್ತಿದ್ದುದೂ ಅದೇ ಕೆಲಸ. ಕಾಯಕಕ್ಕೆ ತಕ್ಕ ಹೆಸರಿನಿಂದ ಕರೆದರೆ ಬೈಗುಳ ಹೇಗಾಗುತ್ತದೆ? ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ಇವರೆಲ್ಲ ಕಾಯಕದ ಹೆಸರನ್ನೇ ಹೊತ್ತು ನಡೆದ ಶರಣರಲ್ಲವೇ? ಹಾಗಾದರೆ ಬೈಗುಳ ಇದ್ದುದು ಪ್ರಭುಗಳ ನಾಲಗೆಯಲ್ಲಿ ಅಲ್ಲ. ಕೇಳಿದವರ ಮನಸ್ಸಿನಲ್ಲಿ. ಈ ಕೆಲಸ ಕೀಳು, ನಾನು ಅದಕ್ಕಿಂತ ಮೇಲು ಎಂಬ ಎಣಿಕೆ ಎಲ್ಲೋ ಒಳಗೆ ಇದ್ದುದರಿಂದಲೇ ಆ ಹೆಸರು ಮುಳ್ಳಾಗಿ ಚುಚ್ಚಿತು.

ಕೆಲಸಗಾರರ ಕೋಪವನ್ನು ನೋಡಿದರೆ ಇನ್ನೂ ಆಶ್ಚರ್ಯ. ಅವರ ಕಾಯಕದ ಹೆಸರೇ ಅದು. ತಮಗೆ ಅದು ಸಲ್ಲುತ್ತದೆ, ಗುರುವಿಗೆ ಸಲ್ಲದು ಎಂದು ಅವರು ತಿಳಿದಿದ್ದರು. ಅಂದರೆ ಒಂದೇ ಕೆರೆಯ ದಂಡೆಯ ಮೇಲೆ, ಒಂದೇ ಪುಣ್ಯಕಾರ್ಯದಲ್ಲಿ, ಮೇಲು ಕೀಳು ಎಂಬ ಗೆರೆ ಯಾರೂ ಎಳೆಯದೆ ಬಿದ್ದಿತ್ತು. ಅವರಿಗೆ ಅದನ್ನು ಕಲಿಸಿದವರು ಯಾರು? ಬಾಯಿಂದ ಯಾರೂ ಕಲಿಸಿರಲಿಕ್ಕಿಲ್ಲ. ಹಿರಿಯರ ಮನಸ್ಸಿನಲ್ಲಿದ್ದುದು ಕಿರಿಯರಿಗೆ ಹೇಳದೆಯೇ ಹರಿಯುತ್ತದೆ. ಇಂದು ಭೋವಿ ಸಮಾಜದ ಬಂಧುಗಳು ಸಿದ್ಧರಾಮೇಶ್ವರರನ್ನು ತಮ್ಮ ಗುರುವೆಂದು ಅಭಿಮಾನದಿಂದ ಪೂಜಿಸುತ್ತಾರೆ. ಒಮ್ಮೆ ಉರಿ ತರಿಸಿದ ಆ ಹೆಸರು ಬಾಂಧವ್ಯದ ಸೇತುವೆಯಾದುದು ದೊಡ್ಡ ಮಾತಲ್ಲವೇ?

ಇನ್ನೂ ಒಂದು ಸೂಕ್ಷ್ಮವಿದೆ. ಸಿದ್ಧರಾಮರು ಆ ಮಾತನ್ನು ಸ್ವತಃ ಕೇಳಿರಲಿಲ್ಲ. ದೂರು ತಂದವರ ಬಾಯಿಂದ ಕೇಳಿದರು. ಊರಿನ ನ್ಯಾಯ ತೀರ್ಮಾನ ಮಾಡಿದ ಹಿರಿಯರಿಗೆ ಇದರ ಅನುಭವ ಉಂಟು. ಅವನು ನಿನ್ನನ್ನು ಹೀಗೆಂದ ಎಂದು ಮೂರನೆಯವನು ತರುವ ಮಾತಿನಲ್ಲಿ ತಂದವನ ಬಿಸಿಯೂ ಸೇರಿರುತ್ತದೆ. ಕಿಡಿ ಬೇರೆಯವರದಾಗಿರಬಹುದು. ಆದರೆ ಒಣಸೌದೆ ನಮ್ಮ ಅಟ್ಟದ ಮೇಲೆ ಇಲ್ಲದಿದ್ದರೆ ಕಿಡಿ ತಾನೇ ಆರಿಹೋಗುತ್ತದೆ. ಮಂಕನೆಂದು ಕರೆಸಿಕೊಂಡ ಆ ದನಗಾಹಿ ಹುಡುಗನ ಅಟ್ಟದಲ್ಲಿ ಸೌದೆಯಿರಲಿಲ್ಲ. ಶಿವಯೋಗಿಯ ಅಟ್ಟದಲ್ಲಿ ತುಂಬಿತ್ತು.

ಉರಿ ಸುಟ್ಟದ್ದು ಯಾರನ್ನು?

ಹಣೆಗಣ್ಣಿನ ಉರಿ ಎದ್ದದ್ದು ಪ್ರಭುಗಳ ಮೇಲೆ. ಆದರೆ ಅದು ಸುಡತೊಡಗಿದ್ದು ಸೊನ್ನಲಿಗೆಯನ್ನೇ. ತಾವೇ ಕೂಡಿಸಿದ ಜನ, ತಾವೇ ನೆಟ್ಟ ನೆರಳು, ತಾವೇ ಸಾಕಿದ ಊರು ಉರಿಯಲ್ಲಿ ಬೇಯತೊಡಗಿತು. ಜನ ಗೋಳಿಟ್ಟರು. ಪ್ರಭುಗಳಿಗೆ ಮಾತ್ರ ಏನೂ ಆಗಲಿಲ್ಲ. ಕೊನೆಗೆ ಆ ಬೆಂಕಿ ಪ್ರಭುಗಳ ಪಾದದಡಿಗೆ ಬಂದು ಅಡಗಿತು ಎಂದು ಶರಣರು ಹೇಳುತ್ತಾರೆ.

ಇದನ್ನು ಪವಾಡವೆಂದು ನಂಬುವವರು ನಂಬಲಿ. ಒಳಗಿನ ಅರ್ಥವಂತೂ ಎಲ್ಲರೂ ಒಪ್ಪಬೇಕಾದುದು. ಕೋಪಕ್ಕೆ ವಿಳಾಸ ಗೊತ್ತಿಲ್ಲ. ಸಂತೆಯಲ್ಲಿ ಯಾರೋ ಆಡಿದ ಮಾತಿನ ಕೋಪ ಮನೆಗೆ ಬಂದು ಹೆಂಡತಿಯ ಮೇಲೆ ಬೀಳುತ್ತದೆ. ತಮ್ಮನ ಮೇಲಿನ ಕೋಪ ಅವನ ಮಕ್ಕಳ ಮೇಲೆ, ಕೊನೆಗೆ ಮೂಕ ಎತ್ತಿನ ಬೆನ್ನ ಮೇಲೆ ಬಾರುಕೋಲಾಗಿ ಬೀಳುತ್ತದೆ. ಯಾರ ಮೇಲೆ ಎಂದು ಕೋಪಿಸಿಕೊಂಡೆವೋ ಅವರು ಸುಖವಾಗಿ ಉಂಡು ಮಲಗಿರುತ್ತಾರೆ.

ಸಿದ್ಧರಾಮರ ದೊಡ್ಡತನ ಇರುವುದು ಮುಂದಿನ ಗಳಿಗೆಯಲ್ಲಿ. ತಮ್ಮ ಶಕ್ತಿಯೆಲ್ಲ ಖರ್ಚಾದರೂ ಎದುರಿನ ವ್ಯಕ್ತಿ ಶಾಂತನಾಗಿ ನಿಂತಿರುವುದನ್ನೂ, ತಮ್ಮವರೇ ಬೆಂದುದನ್ನೂ ಅವರು ಕಂಡರು. ಅಲ್ಲಿ ಇನ್ನೊಬ್ಬರಾಗಿದ್ದರೆ ಅವಮಾನದ ಮೇಲೆ ಅವಮಾನವೆಂದು ಇನ್ನಷ್ಟು ಉರಿಯುತ್ತಿದ್ದರು, ಇಲ್ಲವೆ ಮುಖ ತಿರುಗಿಸಿ ಹೋಗುತ್ತಿದ್ದರು. ಸಿದ್ಧರಾಮರು ಹಾಗೆ ಮಾಡಲಿಲ್ಲ. ನಿಂತರು. ಪ್ರಭುಗಳ ಮಾತನ್ನು ಕೇಳಿದರು. ಪ್ರಭುಗಳು ಕೆರೆಯನ್ನು ಹಳಿಯಲಿಲ್ಲ, ಕೆರೆ ಕಟ್ಟಿದೆನೆಂಬ ಭಾವವನ್ನು ತೋರಿಸಿಕೊಟ್ಟರು. ಹೊರಗಿನ ಗುಡಿ ಎಷ್ಟು ಎತ್ತರವಾದರೂ ಒಳಗೆ ನಾನೆಂಬ ಭಾವ ಉಳಿದರೆ ಅದು ಶಿವನ ಗುಡಿಯಾಗದು, ತನ್ನದೇ ಗುಡಿಯಾಗುತ್ತದೆ ಎಂಬ ತಿಳಿವು ಸಿದ್ಧರಾಮರಲ್ಲಿ ಮೂಡಿತು. ಕೋಪ ಯಾರಿಂದ ಬಂತು ಎಂಬ ಪ್ರಶ್ನೆಯನ್ನು ಬಿಟ್ಟು ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಹಿಡಿದರು. ಬೈದವನೆಂದು ಸುಡಹೊರಟವರನ್ನೇ ಗುರುವೆಂದು ಒಪ್ಪಿಕೊಂಡರು. ಅಷ್ಟೂ ಜನ ಭಕ್ತರ ಎದುರಿಗೆ ತಪ್ಪನ್ನು ಒಪ್ಪಿಕೊಳ್ಳುವುದು ಹಣೆಗಣ್ಣು ತೆರೆಯುವುದಕ್ಕಿಂತ ಕಷ್ಟದ ಕೆಲಸ.

ಮತ್ತೆ ಚಿಗುರಿದ ಬೇರು

ಅಲ್ಲಿಂದ ಸಿದ್ಧರಾಮರು ಪ್ರಭುಗಳೊಡನೆ ಕಲ್ಯಾಣಕ್ಕೆ ಹೊರಟರು. ಬಸವಣ್ಣನವರು ಆಗ ಬಿಜ್ಜಳನ ಭಂಡಾರಿಯಾಗಿದ್ದರು. ಅವರ ಮಹಾಮನೆಯ ಬಾಗಿಲಿಗೆ ಬಂದಾಗ ಬಸವಣ್ಣನವರು ಲಿಂಗಪೂಜೆಯಲ್ಲಿ ಮೈಮರೆತಿದ್ದರು, ಕೂಡಲೆ ಹೊರಬರಲಿಲ್ಲ. ಪ್ರಭುಗಳು ಒಳಗೆ ಬರಲು ಒಪ್ಪಲಿಲ್ಲ, ಬಾಗಿಲಲ್ಲೇ ನಿಂತು ಕಠಿಣವಾಗಿ ಆಡಿದರು. ತಿಳಿದಾಗ ಬಸವಣ್ಣನವರು ನೆಪ ಹೇಳಲಿಲ್ಲ, ಪೂಜೆಯಲ್ಲಿದ್ದೆನೆಂದು ವಾದ ಹೂಡಲಿಲ್ಲ. ತಪ್ಪು ತನ್ನದೇ ಎಂದು ಬಂದು ಪಾದ ಹಿಡಿದರು. ಸೊನ್ನಲಿಗೆಯಲ್ಲಿ ಬಿದ್ದಂಥದೇ ಬಿರುಸಾದ ಮಾತು ಇಲ್ಲೂ ಬಿತ್ತು. ಅಲ್ಲಿ ಉರಿ ಎದ್ದಿತು, ಇಲ್ಲಿ ಕಣ್ಣೀರು ಬಂತು. ಮಾತು ಒಂದೇ ಬಗೆಯದಾದರೂ ಬಿದ್ದ ನೆಲ ಬೇರೆ. ಪಕ್ಕದಲ್ಲೇ ನಿಂತಿದ್ದ ಸಿದ್ಧರಾಮರಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಿರಲಿಲ್ಲ.

ಆದರೆ ಗರಿಕೆಯ ಬೇರು ಒಂದೇ ಗುದ್ದಲಿಗೆ ಮುಗಿಯುವುದಿಲ್ಲ. ಒಂದು ಗೆಣ್ಣು ಉಳಿದರೂ ಚಿಗುರುತ್ತದೆ. ಅನುಭವ ಮಂಟಪದಲ್ಲಿ ಇಷ್ಟಲಿಂಗ ದೀಕ್ಷೆಯ ಪ್ರಶ್ನೆ ಬಂತು. ಸಿದ್ಧರಾಮರು ಯೋಗಸಾಧನೆಯಿಂದ ಅಂತರಂಗದಲ್ಲೇ ಲಿಂಗವನ್ನು ಕಂಡವರು. ಕರಸ್ಥಲದಲ್ಲಿ ಇಷ್ಟಲಿಂಗವನ್ನು ಹಿಡಿದವರಲ್ಲ. ಒಳಗೆ ಇರುವಾಗ ಹೊರಗೇಕೆ ಎಂದು ಅವರು ವಾದಿಸಿದರು. ದೀಕ್ಷೆ ಕೊಡಬೇಕಾದವರು ಬಸವಣ್ಣನವರ ಸೋದರಳಿಯ ಚನ್ನಬಸವಣ್ಣನವರು, ವಯಸ್ಸಿನಲ್ಲಿ ಚಿಕ್ಕವರು. ಹೆಸರಾಂತ ಶಿವಯೋಗಿ, ಊರನ್ನೇ ಕಟ್ಟಿದವರು, ಕಿರಿಯರ ಮುಂದೆ ಶಿಷ್ಯನಾಗಿ ಕೂರಬೇಕು. ಚರ್ಚೆ ದೀರ್ಘವಾಗಿ ನಡೆಯಿತು. ಸಿದ್ಧರಾಮರ ಪ್ರಶ್ನೆಗಳು ಪ್ರಾಮಾಣಿಕವಾದವೇ. ಆದರೆ ಈ ಸಲ ಕಣ್ಣು ಕೆಂಪಾಗಲಿಲ್ಲ. ಕೇಳಿದರು, ಒಳಗೆ ನೋಡಿಕೊಂಡರು, ಮನವೊಪ್ಪಿದಾಗ ತಲೆಬಾಗಿದರು. ಚನ್ನಬಸವಣ್ಣನವರಿಂದ ಲಿಂಗದೀಕ್ಷೆ ಪಡೆದರು.

ವಯಸ್ಸಾದ ನಮಗೆ ಈ ಘಟ್ಟ ಬಹಳ ಮುಖ್ಯ. ಹಿರಿಯರ ಬೈಗುಳವನ್ನು ಸಹಿಸಬಹುದು. ಮಗನೋ ಮೊಮ್ಮಗನೋ ನೀನು ಮಾಡಿದ್ದು ಸರಿಯಲ್ಲ ತಾತಾ ಎಂದರೆ ಎದೆಗೆ ಏನೋ ಅಡ್ಡ ಬಂದಂತಾಗುತ್ತದೆ. ಅವನು ಹೇಳಿದ್ದು ತಪ್ಪೆಂದು ಆ ಸಂಕಟವೋ, ಅವನು ಹೇಳಿದನೆಂದು ಸಂಕಟವೋ? ಈ ಎರಡನ್ನು ಬೇರ್ಪಡಿಸಿ ನೋಡುವುದೇ ಸಿದ್ಧರಾಮರು ತೋರಿದ ದಾರಿ.

ಮುಂದೆ ಪ್ರಭುಗಳೂ ಚನ್ನಬಸವಣ್ಣನವರೂ ಕುಳಿತ ಶೂನ್ಯಸಿಂಹಾಸನಕ್ಕೆ ಮೂರನೆಯವರಾಗಿ ಸಿದ್ಧರಾಮರೇ ಬಂದರು ಎಂಬುದು ನಮ್ಮ ಪರಂಪರೆ. ಕಲ್ಯಾಣದ ಕ್ರಾಂತಿಯ ನಂತರ ಅವರು ಸೊನ್ನಲಿಗೆಗೆ ಮರಳಿ, ತಾವು ಕಟ್ಟಿದ ನೀರಿನ ದಂಡೆಯಲ್ಲೇ ಲಿಂಗೈಕ್ಯರಾದರು. ಅವರ ಗದ್ದುಗೆ ಅಲ್ಲಿದೆ. ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ಅವರ ಸಾವಿರಕ್ಕೂ ಮಿಕ್ಕಿ ವಚನಗಳು ನಮಗೆ ಉಳಿದಿವೆ. ಪ್ರತಿ ವರ್ಷ ಮಕರ ಸಂಕ್ರಾಂತಿಗೆ ಸೊಲ್ಲಾಪುರದಲ್ಲಿ ದೊಡ್ಡ ಜಾತ್ರೆ. ಏಳು ಉದ್ದನೆಯ ನಂದಿಕೋಲುಗಳನ್ನು ಹೊತ್ತು ಅರವತ್ತೆಂಟು ಲಿಂಗಗಳಿಗೆ ಎಣ್ಣೆಮಜ್ಜನ ಮಾಡಿಸುತ್ತ ಮೆರವಣಿಗೆ ಸಾಗುತ್ತದೆ. ಕುಂಬಾರರ ಕನ್ಯೆಯೊಬ್ಬಳು ಅವರನ್ನೇ ವರಿಸುವೆನೆಂದಾಗ ಶಿವಯೋಗಿಗಳು ಸಿಡುಕದೆ, ತಮ್ಮ ಯೋಗದಂಡದೊಡನೆ ಮದುವೆಯಾಗಲು ಒಪ್ಪಿಗೆ ಕೊಟ್ಟರೆಂಬ ಕಥೆಯ ನೆನಪಿಗಾಗಿ ಅಲ್ಲಿ ಮದುವೆಯ ಉತ್ಸವವೂ ನಡೆಯುತ್ತದೆ.

ನಮ್ಮ ಮನೆಯಂಗಳದಲ್ಲಿ

ಸದ್ಭಕ್ತರೇ, ಈಗ ನಮ್ಮ ಊರಿಗೆ ಬರೋಣ. ಒಂದೇ ಸಾಲಿನಲ್ಲಿ ಎರಡು ಮನೆ. ಒಡಹುಟ್ಟಿದವರ ಮನೆ. ಒಂದೇ ಗೋಡೆ. ಮಾತಿಲ್ಲ. ಯಾವುದೋ ಮದುವೆಯ ಪಂಕ್ತಿಯಲ್ಲಿ, ಯಾವುದೋ ಪಾಲುಪಾರಿಕತ್ತಿನ ದಿನ ಒಂದು ಮಾತು ಬಂದಿತ್ತು. ವರ್ಷಗಳು ಕಳೆದವು. ಮಕ್ಕಳು ದೊಡ್ಡವರಾದರು. ಒಬ್ಬರ ಮನೆಯಲ್ಲಿ ಸಾವಾದರೆ ಇನ್ನೊಬ್ಬರು ಸ್ಮಶಾನದ ದಾರಿಯಲ್ಲಿ ದೂರ ನಿಂತು ನೋಡಿ ಹೋಗುತ್ತಾರೆ. ಆ ದಿನ ಆಡಿದ ಮಾತೇನೆಂದು ಕೇಳಿದರೆ ಸರಿಯಾಗಿ ನೆನಪೂ ಇರುವುದಿಲ್ಲ. ಉರಿ ಮಾತ್ರ ಆರಿರುವುದಿಲ್ಲ. ಇಂಥ ಮನೆ ಇಲ್ಲದ ಊರು ನಮ್ಮ ಸೀಮೆಯಲ್ಲಿ ಇದೆಯೇ? ಇದನ್ನು ಓದುತ್ತಿರುವ ಕೆಲವರಿಗೆ ತಮ್ಮದೇ ಬಾಗಿಲು ಕಣ್ಣಮುಂದೆ ಬಂದಿರಬಹುದು.

ಅಂಥವರು ಒಂದು ಕೆಲಸ ಮಾಡಬೇಕು. ಸಂಜೆ ಲಿಂಗಪೂಜೆಗೆ ಕುಳಿತಾಗ, ವಿಭೂತಿ ಧರಿಸಿ ಮನಸ್ಸು ಸ್ವಲ್ಪ ನೆಲೆಗೊಂಡಾಗ, ಆ ಹಳೆಯ ಮಾತನ್ನು ನೆನಪಿಗೆ ತಂದುಕೊಳ್ಳಿ. ಆಡಿದವನನ್ನು ಒಂದು ಗಳಿಗೆ ಬದಿಗಿಡಿ. ಆ ಮಾತು ನನ್ನೊಳಗೆ ಎಲ್ಲಿ ತಾಗಿತು ಎಂದು ಕೇಳಿಕೊಳ್ಳಿ. ಕುಲಕ್ಕೆ ತಾಗಿತೋ? ದುಡಿಮೆಗೆ ತಾಗಿತೋ? ನಾನಿಲ್ಲದಿದ್ದರೆ ಈ ಮನೆ ನಡೆಯುತ್ತಿರಲಿಲ್ಲ ಎಂಬ ಹೆಮ್ಮೆಗೆ ತಾಗಿತೋ? ಅಥವಾ ಚಿಕ್ಕಂದಿನಲ್ಲಿ ತಂದೆ ತಮ್ಮನನ್ನೇ ಹೆಚ್ಚು ಪ್ರೀತಿಸಿದರೆಂಬ ಹಳೆಯ ಗಾಯಕ್ಕೆ ತಾಗಿತೋ? ಬೇರು ಎಷ್ಟೋ ಸಲ ಹೆಮ್ಮೆಯಲ್ಲ, ನೋವು. ಹೆಮ್ಮೆಯಾಗಿದ್ದರೆ ನಾಚಿಕೆ ಬರುತ್ತದೆ, ನೋವಾಗಿದ್ದರೆ ಕಣ್ಣೀರು ಬರುತ್ತದೆ. ಎರಡೂ ಒಳ್ಳೆಯದೇ. ಬೇರು ಬಿಸಿಲಿಗೆ ಬಿತ್ತು ಎಂದರ್ಥ.

ಹಾಗಾದರೆ ಕೋಪವೆಲ್ಲ ತಪ್ಪೇ, ಅನ್ಯಾಯ ಕಂಡಾಗಲೂ ಸುಮ್ಮನಿರಬೇಕೇ ಎಂದು ಕೆಲವರು ಕೇಳುತ್ತಾರೆ. ಬೇಕಿಲ್ಲ. ಶರಣರು ಅನ್ಯಾಯದ ಎದುರು ಸುಮ್ಮನಿದ್ದವರಲ್ಲ. ಆದರೆ ತೂಕ ಮಾಡಲು ಒಂದು ತಕ್ಕಡಿ ಇದೆ. ಅದೇ ಮಾತನ್ನು, ಅದೇ ಅನ್ಯಾಯವನ್ನು ಬೇರೊಬ್ಬ ಬಡವನಿಗೆ ಮಾಡಿದ್ದರೆ ನನಗೆ ಇಷ್ಟೇ ಕೋಪ ಬರುತ್ತಿತ್ತೇ ಎಂದು ಕೇಳಿಕೊಳ್ಳಿ. ಬರುತ್ತಿತ್ತು ಎಂದಾದರೆ ಅದು ಧರ್ಮದ ಕೋಪ, ಅದಕ್ಕೆ ದಾರಿ ಉಂಟು. ಇಲ್ಲ ಎಂದಾದರೆ ಅದು ನ್ಯಾಯಕ್ಕಾಗಿ ಬಂದ ಕೋಪವಲ್ಲ, ನನಗಾಗಿ ಬಂದದ್ದು. ಕೆರೆಯ ದಂಡೆಯಲ್ಲಿ ಪ್ರಭುಗಳು ಬುಟ್ಟಿ ಹೊರುವ ಬೇರೊಬ್ಬನನ್ನು ಅದೇ ಹೆಸರಿನಿಂದ ಕರೆದಿದ್ದರೆ ಸಿದ್ಧರಾಮರು ಹಣೆಗಣ್ಣು ತೆರೆಯುತ್ತಿದ್ದರೇ? ಉತ್ತರ ನಿಮಗೇ ತಿಳಿದಿದೆ.

ಬೇರು ಕಂಡ ಮಾತ್ರಕ್ಕೆ ನಾಳೆಯೇ ಕೋಪ ನಿಂತುಬಿಡುತ್ತದೆಂದು ತಿಳಿಯಬೇಡಿ. ಸಿದ್ಧರಾಮರಂಥವರಿಗೇ ಕಲ್ಯಾಣದಲ್ಲಿ ಮತ್ತೊಮ್ಮೆ ಅಗೆಯಬೇಕಾಯಿತು. ಆದರೆ ಕಂಡ ಬೇರಿಗೆ ಕಾಣದ ಬೇರಿನಷ್ಟು ಬಲವಿಲ್ಲ. ಮುಂದಿನ ಸಲ ಕೋಪ ಏಳುವಾಗ ಇದು ಎಲ್ಲಿಂದ ಎದ್ದಿತೆಂದು ಒಂದು ಕ್ಷಣ ಮೊದಲೇ ಗೊತ್ತಾಗುತ್ತದೆ. ಆ ಒಂದು ಕ್ಷಣದಲ್ಲಿ ಒಂದು ಊರು ಉಳಿಯುತ್ತದೆ.

ಎಡೆಯೂರಿಗೆ ಹೋಗಿ ಸಿದ್ಧಲಿಂಗೇಶ್ವರರ ಗದ್ದುಗೆಗೆ ತಲೆಬಾಗುವವರು, ಮನೆಗೆ ಹಿಂದಿರುಗುವಾಗ ಸೋಲೂರಿನ ಬಳಿ ಬಸ್ಸಿಳಿದು ನಡೆದು ಹೋಗುವವರು, ತಮ್ಮ ಬೀದಿಯಲ್ಲಿ ಮಾತು ಬಿಟ್ಟ ಆ ಬಾಗಿಲ ಮುಂದೆ ಒಂದು ಗಳಿಗೆ ನಿಲ್ಲಲಿ. ತಂದ ಪ್ರಸಾದದಲ್ಲಿ ಒಂದು ಹಿಡಿ ಅಲ್ಲಿಗೂ ಸಲ್ಲಲಿ. ಯಾರು ಮೊದಲು ಮಾತಾಡಬೇಕು ಎಂಬ ಲೆಕ್ಕ ಬೇಡ. ಬೇರನ್ನು ಮೊದಲು ಕಂಡವರೇ ಮೊದಲು ಮಾತಾಡಬೇಕು. ಶಿವಯೋಗಿ ಸಿದ್ಧರಾಮೇಶ್ವರರ ಕೃಪೆ ನಿಮ್ಮೆಲ್ಲರ ಮೇಲಿರಲಿ. ಸರ್ವರಿಗೂ ಸನ್ಮಂಗಳವಾಗಲಿ.